5ಕೆಜಿನಾ, 5 ಕೆಜಿನಾ, 5 ಕೆ.ಜಿ.ನಾ?

ಅಂಕಿ ಬರ್ದ್ಮೇಲೆ ಒಂದು ಸ್ಪೇಸ್ ಬಿಟ್ಟು ಕೆಜಿ ಅಂತ ಬರೀಬೇಕಾ ಇಲ್ಲಾ ಅಂಟಿಸೇ ಬರೀಬಹುದಾ ಅನ್ನೋದು ಯಾರೂ ಜಗಳ ಆಡೋ ವಿಷ್ಯ ಅಲ್ಲ, ಗೊತ್ತು. ಆದ್ರೆ ಬೇರೆಯವರು ಟೈಪ್ ಮಾಡಿ ಕಳ್ಸಿದ ಕನ್ನಡಾನ ಪೇಜಿಗೆ ಹಾಕಿ ಪ್ರೂಫ್ ನೋಡೋ ನನ್ನಂಥೋರಿಗೆ ಇದು ದಿನದ ತಲೆನೋವು. ಒಂದೇ ಲೇಖನದ ಮೊದಲ ಪ್ಯಾರಾದಲ್ಲಿ 5ಕೆಜಿ, ಎರಡನೇದ್ರಲ್ಲಿ 5 ಕೆ.ಜಿ., ಆಮೇಲೆ ಕೊನೇ ಚುಕ್ಕಿ ಬಿದ್ದುಹೋಗಿ 5 ಕೆ.ಜಿ, ಫೋಟೋ ಕೆಳಗೆ 5 ಕಿ.ಗ್ರಾಂ. ನಾಲ್ಕನ್ನೂ ಬರ್ದಿರೋರು ಒಬ್ಬರೇ! ಕೇಳಿದ್ರೆ "ಅರ್ಥ ಆಗುತ್ತಲ್ಲ ಬಿಡಿ" ಅಂತಾರೆ. ಆಗುತ್ತೆ ನಿಜ, ಕೆಜಿ ವಿಷ್ಯದಲ್ಲಿ ಆಗುತ್ತೆ, ಎಲ್ಲಾ ಕಡೆ ಆಗಲ್ಲ, ಅದನ್ನ ಹೇಳೋಕೇ ಇಷ್ಟು ಉದ್ದ ಬರೀತಿರೋದು.

ಅಂಟಿಸಿ ಬರೆಯೋದನ್ನ ಸೋಮಾರಿತನ ಅಂತ ನಾನು ಬೈಯಲ್ಲ. ಕನ್ನಡ ಬರೆಯೋ ಕೈಗೆ ಅಂಕಿ ಆದ ತಕ್ಷಣ ಏನಾದ್ರೂ ಅಂಟಿಸೋದು ಅಭ್ಯಾಸವಾಗಿಬಿಟ್ಟಿದೆ. 2018ರಲ್ಲಿ, 5ನೇ ಕ್ಲಾಸು, 10ಕ್ಕೆ ಬಸ್ಸು, 25ರಷ್ಟು, ಇವೆಲ್ಲ ಅಂಟಿಸಿಯೇ ಬರೀಬೇಕಾದವು, ಯಾಕಂದ್ರೆ ಅಲ್ಲಿ ಬರೋದು ಪ್ರತ್ಯಯ. ಅದೇ ರಭಸದಲ್ಲಿ ಕೆಜಿ, ಲೀಟರು, ಅಡಿ ಎಲ್ಲಾನೂ ಅಂಟ್ಕೊಂಡುಬಿಡುತ್ತೆ. ಯಾವುದು ಅಂಟಬೇಕು ಯಾವುದು ಬೇಡ ಅಂತ ಡೌಟ್ ಬಂದ್ರೆ ನಾನು ಮಾಡೋದು ಇಷ್ಟೇ, ಅಂಕಿ ತೆಗೆದು ಅಕ್ಷರದಲ್ಲಿ ಬರ್ದು ನೋಡ್ತೀನಿ. 5ನೇ ಅಂದ್ರೆ ಐದನೇ, ಮಧ್ಯ ಜಾಗ ಇಲ್ಲ. 10ಕ್ಕೆ ಅಂದ್ರೆ ಹತ್ತಕ್ಕೆ, ಜಾಗ ಇಲ್ಲ. 5 ಕೆಜಿ ಅಂದ್ರೆ ಐದು ಕೆಜಿ, ಜಾಗ ಇದೆ. ಅರ್ಧ ಲೀಟರ್, ಕಾಲು ಕೆಜಿ, ಒಂದೂವರೆ ಅಡಿ ಅಂತ ಬರೆಯುವಾಗ ಯಾರೂ ಅರ್ಧಲೀಟರ್ ಅಂತ ಅಂಟಿಸಲ್ಲ, ಅಂಕಿ ಬಂದ ಕೂಡ್ಲೇ ಮಾತ್ರ ಯಾಕೋ ಕೈ ಸ್ಪೇಸ್ ಬಾರ್ ಕಡೆ ಹೋಗಲ್ಲ.

ಖುಷಿ ಏನಂದ್ರೆ ಅಂತರರಾಷ್ಟ್ರೀಯ ನಿಯಮಾನೂ ಇದನ್ನೇ ಹೇಳುತ್ತೆ. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರೋ ಅಂತರರಾಷ್ಟ್ರೀಯ ತೂಕ ಮತ್ತು ಅಳತೆ ಬ್ಯೂರೋ ಎಸ್‌ಐ ಪದ್ಧತಿಗೆ (ಅಂದ್ರೆ ಮೀಟರ್, ಕೆಜಿ, ಸೆಕೆಂಡ್ ಇರೋ ಅಂತರರಾಷ್ಟ್ರೀಯ ಅಳತೆ ಪದ್ಧತಿಗೆ) ಒಂದು ಕೈಪಿಡಿ ಹಾಕುತ್ತೆ, ಅದರ 9ನೇ ಆವೃತ್ತಿ ಬಂದಿದ್ದು 2019ರಲ್ಲಿ. ಅದ್ರಲ್ಲಿ ಇರೋ ಮಾತು, ಅಂಕಿ ಮೊದಲು, ಆಮೇಲೆ ಒಂದು ಜಾಗ, ಆಮೇಲೆ ಅಳತೆಯ ಚಿಹ್ನೆ. ಜಾಗ ಬಿಡದೇ ಇರೋ ಅವಕಾಶ ಇರೋದು ಕೋನದ ಡಿಗ್ರಿ, ಮಿನಿಟು, ಸೆಕೆಂಡಿಗೆ ಮಾತ್ರ, ಅಂದ್ರೆ 90° ಅಂಟಿಸಿ ಬರೀಬೇಕು, ಆದ್ರೆ ಸೆಲ್ಸಿಯಸ್ ಆದ್ರೆ 38 ಆದ್ಮೇಲೆ ಜಾಗ ಬಿಟ್ಟು ° ಮತ್ತೆ ಇಂಗ್ಲಿಷ್ ದೊಡ್ಡ ಸಿ ಎರಡನ್ನೂ ಒಟ್ಟಿಗೆ ಬರೀಬೇಕು. ಪರ್ಸೆಂಟ್ ಚಿಹ್ನೆಗೂ ಜಾಗ ಬಿಡಿ ಅನ್ನುತ್ತೆ ಆ ಕೈಪಿಡಿ, ಅದನ್ನ ಪಾಲಿಸೋರು ಕಮ್ಮಿ, ನಾನೂ ಪಾಲಿಸಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾಟ ಬೇರೆ ಇದೆ, "ಶೇ. 50%" ಅಂತ ಹಿಂದೂ ಮುಂದೂ ಎರಡೂ ಕಡೆ ಬರೆಯೋದು. ಒಂದು ಸಾಕು ಮಾರಾಯ್ರೆ.

ಡಿಗ್ರಿ ಗುರುತಿನ ಬಗ್ಗೆ ಒಂದು ಮಾತು ಸೇರಿಸ್ಬೇಕು. ಕೀಬೋರ್ಡಲ್ಲಿ ಆ ಗುರುತು ಸಿಗದೇ ಇರೋರು ಸೊನ್ನೇನ ಚಿಕ್ಕದು ಮಾಡಿ ಮೇಲಕ್ಕೆ ಏರಿಸಿ ಕೂರಿಸ್ತಾರೆ, ವರ್ಡ್ ಫೈಲಲ್ಲಿ ನೋಡೋಕೆ ಚೆನ್ನಾಗೇ ಇರುತ್ತೆ. ಅದನ್ನ ಕಾಪಿ ಮಾಡಿ ಬೇರೆ ಕಡೆ ಹಾಕಿದ ತಕ್ಷಣ ಮೇಲಿದ್ದ ಸೊನ್ನೆ ಕೆಳಗಿಳಿದು 38 ಡಿಗ್ರಿ ಬಿಸಿಲು 380 ಆಗಿ ಕೂತಿರುತ್ತೆ. ಹತ್ತರ ಘಾತ ಐದು ಇದ್ದಿದ್ದು 105 ಆಗೋದೂ ಹೀಗೇ. ಅಡುಗೆ ಬರಹಗಳಲ್ಲಿ ಒಂದೂವರೆ ಕಪ್ಪನ್ನ 1 1/2 ಅಂತ ಬರೀತಾರಲ್ಲ, ಮಧ್ಯದ ಸ್ಪೇಸ್ ಬಿದ್ದುಹೋದ್ರೆ 11/2 ಕಪ್ ಸಕ್ಕರೆ, ಅಂದ್ರೆ ಐದೂವರೆ ಕಪ್ಪು! ಒಂದೂವರೆ ಅಂತ ಅಕ್ಷರದಲ್ಲೇ ಬರ್ದುಬಿಟ್ರೆ ಯಾವ ರಗಳೆಯೂ ಇಲ್ಲ.

ಇನ್ನು ಚುಕ್ಕಿ. ನಂಗೆ ಸ್ಪೇಸಿಗಿಂತ ಜಾಸ್ತಿ ಸಿಟ್ಟು ಬರ್ಸೋದು ಇದೇ. ಎಸ್‌ಐ ಪ್ರಕಾರ ಕೆಜಿ, ಕಿಮೀ ಅನ್ನೋದರ ಇಂಗ್ಲಿಷ್ ರೂಪಗಳು ಚಿಹ್ನೆಗಳು, ಸಂಕ್ಷೇಪ ಅಲ್ಲ, ಹಾಗಾಗಿ ಅವುಗಳ ಕೊನೇಲಿ ಚುಕ್ಕಿ ಬರಲ್ಲ, ವಾಕ್ಯ ಅಲ್ಲೇ ಮುಗಿದ್ರೆ ಮಾತ್ರ ಬರುತ್ತೆ, ಬಹುವಚನದ ಎಸ್ ಕೂಡ ಸೇರಲ್ಲ. ತೂಕದ ಚೀಟಿ ಮೇಲೆ ಕೆಜಿಎಸ್, ಎಂಟಿಆರ್‌ಎಸ್, ಎಲ್‌ಟಿಆರ್‌ಎಸ್ ಅಂತೆಲ್ಲ ಪ್ರಿಂಟ್ ಆಗಿರುತ್ತಲ್ಲ, ಯಾವುದೂ ಸರಿ ಅಲ್ಲ. ಆದ್ರೆ ಕನ್ನಡದ ಕಿ.ಮೀ., ಸೆಂ.ಮೀ., ಮಿ.ಲೀ. ಇವು ಚಿಹ್ನೆಗಳಲ್ಲ, ಪದಗಳ ಮೊದಲಕ್ಷರ ಇಟ್ಕೊಂಡು ಮಾಡಿದ ಸಂಕ್ಷೇಪಗಳು, ಹಾಗಾಗಿ ಚುಕ್ಕಿ ಹಾಕೋದು ತಪ್ಪು ಅಂತ ಹೇಳೋಕಾಗಲ್ಲ. ನನ್ನ ತಕರಾರು ಬೇರೆ. ಫೋನಲ್ಲಿ ಚುಕ್ಕಿ ಒತ್ತಿದ ಕೂಡ್ಲೇ ಎಷ್ಟೋ ಕೀಬೋರ್ಡುಗಳು ತಾವೇ ಒಂದು ಸ್ಪೇಸ್ ಹಾಕಿಬಿಡುತ್ವೆ, 12 ಕಿ. ಮೀ. ಅಂತಾಗುತ್ತೆ, ಪೇಜಿಗೆ ಹಾಕಿದಾಗ ಕಿ. ಒಂದು ಸಾಲಿನ ತುದೀಲಿ, ಮೀ. ಮುಂದಿನ ಸಾಲಿನ ಶುರೂಲಿ. ಇದರ ಜೊತೆ ಸ್ವರದ ಉದ್ದಾನೂ ಬೀಳುತ್ತೆ. ಮಿ ಅಂದ್ರೆ ಮಿಲಿ, ಮೀ ಅಂದ್ರೆ ಮೀಟರ್, ಆದ್ರೆ ರಸ್ತೆ ಬದಿ ಬೋರ್ಡುಗಳಲ್ಲೂ ಕಿ.ಮಿ. ಅಂತ ಎಷ್ಟು ಕಡೆ ಇದೆ ನೋಡಿ. ಮೀ.ಲೀ. ಅಂತ ಬರೆಯೋರೂ ಇದಾರೆ, ಅದು ಯಾವ ಅಳತೇನೋ ದೇವರೇ ಬಲ್ಲ.

ಚುಕ್ಕಿ ನಿಜವಾಗ್ಲೂ ದುಡ್ಡಿನ ಲೆಕ್ಕಕ್ಕೆ ಬರೋದು ಜಮೀನಿನ ವಿಷ್ಯದಲ್ಲಿ. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. ಪಹಣಿ ನೋಡಿದೋರಿಗೆ ಗೊತ್ತಿರುತ್ತೆ, 2.20 ಅಂತ ಇದ್ರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದ್ರೆ ಎರಡೂವರೆ ಎಕರೆ. ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲವೇ ಅಲ್ಲ. ಊರಲ್ಲಿ ಇರೋರು ಯಾರೂ ಇದ್ರಲ್ಲಿ ಎಡವಲ್ಲ, ಎಡವೋದು ಎಕ್ಸೆಲ್. 2.20 ಅಂತ ಹೊಡೆದ್ರೆ ಅದು ತಾನಾಗೇ 2.2 ಮಾಡ್ಕೊಳುತ್ತೆ, ಈಗ ಅದು ಎರಡು ಎಕರೆ ಎರಡು ಗುಂಟೆನಾ ಇಪ್ಪತ್ತು ಗುಂಟೆನಾ? ಕೂಡಿಸೋಕೆ ಹೋದ್ರೆ ಇನ್ನೂ ಮಜಾ. ಒಂದು ಸರ್ವೆ ನಂಬರಲ್ಲಿ 2.20, ಇನ್ನೊಂದ್ರಲ್ಲಿ 1.30 ಇದೆ ಅಂದ್ಕೊಳ್ಳಿ. ಎಕ್ಸೆಲ್ ಹೇಳೋದು 3.5, ಅಂದ್ರೆ ಮೂರೂವರೆ ಎಕರೆ. ನಿಜವಾದ ಲೆಕ್ಕ ಇಪ್ಪತ್ತು ಮೂವತ್ತು ಸೇರಿ ಐವತ್ತು ಗುಂಟೆ, ಅದ್ರಲ್ಲಿ ನಲವತ್ತು ಹೋದ್ರೆ ಒಂದು ಎಕರೆ ಹತ್ತು ಗುಂಟೆ, ಒಟ್ಟು 4 ಎಕರೆ 10 ಗುಂಟೆ. ಒಂದು ಚುಕ್ಕಿ ಸರಿ ಓದದೇ ಇದ್ದಿದ್ದಕ್ಕೆ ಮೂವತ್ತು ಗುಂಟೆ ಮಾಯ, ಬೆಂಗಳೂರಿನ ಸುತ್ತಮುತ್ತ ಮೂವತ್ತು ಗುಂಟೆ ಅಂದ್ರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗೋಕೆ ಧಾರಾಳ ಸಾಕು.

ನಮ್ಮ ಹಿರಿಯರು ಈ ವಿಷ್ಯದಲ್ಲಿ ಜಾಣರಿದ್ರು. ಆಣೆ ಪೈಸೆ ಕಾಲದ ಲೆಕ್ಕದ ಪುಸ್ತಕಗಳಲ್ಲಿ ಎರಡು ರೂಪಾಯಿ ಎಂಟಾಣೆ ಅನ್ನೋದನ್ನ 2-8-0 ಅಂತ ಅಡ್ಡಗೆರೆ ಹಾಕಿ ಬರೀತಿದ್ರು. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ, ಹಾಗಿದ್ದಾಗ ಚುಕ್ಕಿ ಹಾಕೋ ಪ್ರಶ್ನೇನೇ ಬರ್ತಿರ್ಲಿಲ್ಲ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು, ಅದರ ಹಿಂದಿನ ವರ್ಷವೇ ಮೆಟ್ರಿಕ್ ತೂಕ ಅಳತೆಗೆ ಕಾನೂನು ಆಗಿತ್ತು, 1958ರ ಅಕ್ಟೋಬರಿಂದ ಹಂತ ಹಂತವಾಗಿ ಸೇರು, ಮಣ, ತೊಲ ಎಲ್ಲ ಹೋಗಿ ಕೆಜಿ ಗ್ರಾಂ ಬಂತು. ದುಡ್ಡು, ತೂಕ ಎರಡೂ ಹತ್ತರ ಲೆಕ್ಕಕ್ಕೆ ಬಂತು, ಚುಕ್ಕಿನೂ ಅಲ್ಲಿ ಸರಿಯಾಗಿ ಕೂತ್ಕೊಂಡಿತು, ಆದ್ರೆ ಎಕರೆ ಗುಂಟೆ, ಅಡಿ ಇಂಚು ಎರಡೂ ಹಾಗೇ ಉಳ್ಕೊಂಡ್ವು, ಅವುಗಳ ಮಧ್ಯಾನೂ ನಾವು ಅದೇ ಚುಕ್ಕಿ ಇಡೋಕೆ ಶುರು ಮಾಡಿದ್ವಿ. ಈಗ್ಲೂ 2-20 ಅಂತ ಅಡ್ಡಗೆರೆ ಹಾಕಿ ಬರೆಯೋ ಹಳಬರನ್ನ ಕಂಡ್ರೆ ನಂಗೆ ಕೈ ಮುಗಿಯೋಣ ಅನ್ಸುತ್ತೆ.

ಅಡಿ ವಿಷ್ಯದಲ್ಲಂತೂ ಒಂದೇ ಪೇಪರಿನ ಎರಡು ಪುಟಗಳಲ್ಲಿ ಎರಡು ಲೆಕ್ಕ. ಕೆಆರ್‌ಎಸ್ ಅಣೆಕಟ್ಟಿನ ನೀರಿನ ಗರಿಷ್ಠ ಮಟ್ಟ 124.80 ಅಡಿ. ಇದು ನಿಜವಾದ ದಶಮಾಂಶ, ಎಂಬತ್ತು ಇಂಚು ಯಾವ ಅಡಿಯಲ್ಲೂ ಹಿಡಿಯಲ್ಲ. ಅದೇ ಪೇಪರಿನ ವಧುವರರ ಕಾಲಮ್ಮಲ್ಲಿ 5.8 ಅಡಿ ಎತ್ತರದ ಹುಡುಗ ಅಂದ್ರೆ ಐದು ಅಡಿ ಎಂಟು ಇಂಚು. ದಶಮಾಂಶ ಅಂತ ತಗೊಂಡ್ರೆ ಐದು ಅಡಿ ಒಂಬತ್ತೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ ಆಗುತ್ತೆ, ಹುಡುಗನ ಕಡೆಯೋರಿಗೆ ಬೇಜಾರಿಲ್ಲ ಬಿಡಿ. ಆದ್ರೆ 5.10 ಇರೋನ ಕಥೆ ನೋಡಿ, ಎಕ್ಸೆಲ್ಲಿಗೆ ಹೋದ್ರೆ 5.1 ಆಗಿ ಒಂದೇ ಏಟಿಗೆ ಒಂಬತ್ತು ಇಂಚು ಕಳ್ಕೊಳ್ತಾನೆ, ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದ್ರೆ 5.11ರೋನು 5.2ರೋನಿಗಿಂತ ಕುಳ್ಳ. ಕ್ರಿಕೆಟ್ಟಲ್ಲಿ 19.4 ಓವರ್ ಅಂದ್ರೆ ಹತ್ತೊಂಬತ್ತು ಓವರ್ ನಾಲ್ಕು ಬಾಲ್ ಅಂತ ಚಿಕ್ಕ ಮಕ್ಕಳಿಗೂ ಗೊತ್ತು, ರನ್‌ರೇಟ್ ಲೆಕ್ಕ ಹಾಕುವಾಗ ಅದನ್ನ 19.667 ಮಾಡ್ಕೋಬೇಕು ಅಂತ ಮಾತ್ರ ಎಷ್ಟೋ ಜನ ಮರೀತಾರೆ. ಹಾಗಾಗಿ ನನ್ನ ಕೈಗೆ ಬಂದ ಕಾಪೀಲಿ 5.8 ಅಡಿ ಇದ್ರೆ 5 ಅಡಿ 8 ಇಂಚು ಅಂತ, 2.20 ಎಕರೆ ಇದ್ರೆ ಕಳ್ಸಿದೋರಿಗೆ ಫೋನ್ ಮಾಡಿ ಕೇಳ್ಕೊಂಡು 2 ಎಕರೆ 20 ಗುಂಟೆ ಅಂತ ಬಿಡಿಸಿ ಹಾಕ್ತೀನಿ. ಜಾಗ ಜಾಸ್ತಿ ತಿನ್ನುತ್ತೆ, ತಿನ್ಲಿ.

ನೀರಿನ ಮಾತು ಬಂತಲ್ಲ, ಟಿಎಂಸಿ ಅಂದ್ರೆ ಸಾವಿರ ಮಿಲಿಯನ್ ಘನ... ಏನು? ಅಡಿ ಅನ್ನೋದು ಆ ಮೂರಕ್ಷರದಲ್ಲಿ ಇಲ್ಲ, ಅದಕ್ಕೇ ಪೇಪರಿನೋರು ಟಿಎಂಸಿ ಅಡಿ ಅಂತ ಬರೆಯೋದು, ಅದು ಸರಿ. 2018ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ತಮಿಳುನಾಡಿಗೆ ಬಿಡಬೇಕಾದ ಕಾವೇರಿ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳೀತು. ಆ 14.75ರ ವ್ಯತ್ಯಾಸಕ್ಕೆ ವರ್ಷಗಟ್ಟಲೆ ವಾದ ನಡ್ದಿದೆ, ಇಂಥ ಕಡೆ ಚುಕ್ಕಿ ಆಚೀಚೆ ಆದ್ರೆ ಹೇಗಿರುತ್ತೆ ಯೋಚಿಸಿ.

ಮನೆ ಕಟ್ಟಿಸೋರ ಭಾಷೇಲಿ ಇನ್ನೊಂದು ಗಮ್ಮತ್ತಿದೆ. ಬೆಂಗಳೂರು ಕಡೆ ಮೇಸ್ತ್ರಿ ಹತ್ತು ಚದರದ ಮನೆ ಅಂದ್ರೆ ಅದು ಸಾವಿರ ಚದರ ಅಡಿ, ಅವರ ಲೆಕ್ಕದಲ್ಲಿ ಒಂದು ಚದರಕ್ಕೆ ನೂರು ಚದರ ಅಡಿ. 10 ಚದರ ಅಡಿ ಅಂದ್ರೆ ಒಂದು ಬಾತ್‌ರೂಮಿಗೂ ಸಾಲಲ್ಲ. 10 ಅಡಿ ಚದರ ಅಂದ್ರೆ ಹತ್ತಕ್ಕೆ ಹತ್ತರ ರೂಮು. ಮೂರೂ ಬೇರೆ ಬೇರೆ, ಮೂರನ್ನೂ ಒಂದೇ ಕರಪತ್ರದಲ್ಲಿ ಬೆರೆಸಿ ಚ.ಅ. ಅಂತ ಸಂಕ್ಷೇಪ ಮಾಡಿದ್ದನ್ನ ನೋಡಿದೀನಿ. ಸೈಟಿನ 30×40 ಬಗ್ಗೆ ಹೇಳೋದು ಕಮ್ಮಿ, ಮಧ್ಯ ಗುಣಾಕಾರದ × ಹಾಕಿ, ಇಂಗ್ಲಿಷ್ ಎಕ್ಸ್ ಬೇಡ, ನಿಯಮದ ಪ್ರಕಾರ 30 ಅಡಿ × 40 ಅಡಿ ಅಂತ ಎರಡಕ್ಕೂ ಅಡಿ ಬರೀಬೇಕು, ಆದ್ರೆ ತರ್ಟಿ ಫಾರ್ಟಿ ಅನ್ನೋದು ನಮ್ಮೂರಲ್ಲಿ ಹೆಚ್ಚುಕಮ್ಮಿ ಸೈಟಿನ ಹೆಸರೇ ಆಗಿಹೋಗಿದೆ, ಅದಕ್ಕೆ ನಾನು ಕೈ ಹಾಕಲ್ಲ.

ಸ್ಪೇಸಿಂದ ಪ್ರಾಣಕ್ಕೇ ಕುತ್ತು ಬರೋ ಜಾಗ ಅಂದ್ರೆ ಔಷಧಿ ಚೀಟಿ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ 2004ರಲ್ಲಿ ಯಾವ್ಯಾವುದನ್ನ ಬರೀಲೇಬಾರದು ಅಂತ ಒಂದು ಪಟ್ಟಿ ತಂತು. ಇನ್ಸುಲಿನ್ ಯೂನಿಟ್ಟಿಗೆ ಬರೀ ಇಂಗ್ಲಿಷ್ ಯು ಬರೆಯೋದು ಅದ್ರಲ್ಲಿದೆ, ಯಾಕಂದ್ರೆ ಕೈಬರಹದಲ್ಲಿ 4ಕ್ಕೆ ಅಂಟಿದ ಯು ಸೊನ್ನೆ ಥರ ಕಂಡು 40 ಆಗುತ್ತೆ. 1.0 ಅಂತ ಕೊನೇಲಿ ಸುಮ್ನೆ ಸೊನ್ನೆ ಹಾಕೋದು ಕೂಡ ಅದ್ರಲ್ಲಿದೆ, ಚುಕ್ಕಿ ಕಾಣದೇ ಹೋದ್ರೆ 10 ಆಗುತ್ತೆ. .5 ಅಂತ ಮುಂದೆ ಸೊನ್ನೆ ಇಲ್ದೆ ಬರೆಯೋದೂ ಅಷ್ಟೇ, 5 ಆಗುತ್ತೆ, ಹತ್ತು ಪಟ್ಟು ಡೋಸು. ಔಷಧಿ ಸುರಕ್ಷತೆ ನೋಡೋ ಅಲ್ಲಿನ ಇನ್ನೊಂದು ಸಂಸ್ಥೆ ಅಂಕಿಗೂ ಮಿಲಿಗ್ರಾಂಗೂ ಮಧ್ಯ ಜಾಗ ಬಿಡಲೇಬೇಕು ಅನ್ನುತ್ತೆ, ಅಂಟಿಸಿದ್ರೆ ಇಂಗ್ಲಿಷ್ ಎಂ ಅಕ್ಷರಾನ ಒಂದೋ ಎರಡೋ ಸೊನ್ನೆ ಅಂತ ಓದೋ ಅಪಾಯ ಇದೆ ಅಂತ. ಮನೇಲಿ ಅಜ್ಜಿ ತಾತಂಗೆ ಮಾತ್ರೆ ಪಟ್ಟಿ ಬರ್ದು ಗೋಡೆಗೆ ಅಂಟಿಸೋರು ದಯವಿಟ್ಟು ಅರ್ಧ ಮಾತ್ರೆ ಅಂತ ಅಕ್ಷರದಲ್ಲೇ ಬರೀರಿ.

ಕನ್ನಡ ಲಿಪೀಲಿ ಬರೆಯುವಾಗ ಇಂಗ್ಲಿಷಿಗಿಲ್ಲದ ಒಂದು ತೊಂದ್ರೆ ಇದೆ, ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಎಸ್‌ಐನಲ್ಲಿ ಚಿಕ್ಕ ಎಂ ಅಂದ್ರೆ ಮಿಲಿ, ದೊಡ್ಡ ಎಂ ಅಂದ್ರೆ ಮೆಗಾ, ಚಿಕ್ಕ ಕೆ ಕಿಲೋ, ದೊಡ್ಡ ಕೆ ಕೆಲ್ವಿನ್. ವಿಜ್ಞಾನಿಗಳ ಹೆಸರಿಂದ ಬಂದಿದ್ದಕ್ಕೆ ದೊಡ್ಡಕ್ಷರ, ಉಳಿದಿದ್ದಕ್ಕೆ ಚಿಕ್ಕದು, ಲೀಟರಿಗೆ ಮಾತ್ರ ಎರಡೂ ಓಕೆ, ಚಿಕ್ಕ ಎಲ್ ಒಂದರ ಥರ ಕಾಣುತ್ತೆ ಅಂತ 1979ರಲ್ಲಿ ದೊಡ್ಡ ಎಲ್‌ಗೂ ಒಪ್ಪಿಗೆ ಕೊಟ್ರು. ಕನ್ನಡದಲ್ಲಿ ಎಂಡಬ್ಲ್ಯೂ ಅಂತ ಬರೆದ್ರೆ ಮಿಲಿವ್ಯಾಟೋ ಮೆಗಾವ್ಯಾಟೋ, ಮಧ್ಯ ಇರೋದು ನೂರು ಕೋಟಿ ಪಟ್ಟು ವ್ಯತ್ಯಾಸ. ಇಂಟರ್ನೆಟ್ ಪ್ಯಾಕಿನ ಎಂಬಿನೂ ಹಾಗೇ, ಬಿಟ್ಟಾ ಬೈಟಾ ಗೊತ್ತಾಗಲ್ಲ, ಎಂಟು ಪಟ್ಟು ವ್ಯತ್ಯಾಸ. ಇಂಥ ಕಡೆ ಮೆಗಾವ್ಯಾಟ್, ಮೆಗಾಬಿಟ್ ಅಂತ ಪೂರ್ತಿ ಬರೆಯೋದು ಬಿಟ್ರೆ ಬೇರೆ ದಾರಿ ಇಲ್ಲ.

ಅಲ್ಪವಿರಾಮದ ವಿಷ್ಯಕ್ಕೆ ನಾನು ನಿಯಮದ ಪರ ಇಲ್ಲ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 1948ರಲ್ಲೂ ಹೇಳಿ 2003ರಲ್ಲಿ ಮತ್ತೆ ಹೇಳಿದೆ, ದೊಡ್ಡ ಸಂಖ್ಯೆನ ಮೂರು ಮೂರು ಅಂಕಿಯಾಗಿ ಒಡೆದು ಮಧ್ಯ ಬರೀ ಜಾಗ ಬಿಡಿ, ಕಾಮಾನೂ ಬೇಡ ಚುಕ್ಕಿನೂ ಬೇಡ ಅಂತ. ಜರ್ಮನಿ ಥರದ ದೇಶಗಳಲ್ಲಿ ದಶಮಾಂಶಕ್ಕೇ ಕಾಮಾ ಹಾಕ್ತಾರೆ, ಅಲ್ಲಿ 1,250 ಅಂದ್ರೆ ಒಂದೂಕಾಲು, ಅಲ್ಲಿಗೆ ಹೋದ ನಮ್ಮೋರು ಮೊದಲು ಅಂಗಡೀಲಿ ಕಣ್ಣು ಕಣ್ಣು ಬಿಡೋದು ಇದಕ್ಕೇ. ಆ ಗೊಂದಲ ತಪ್ಪಿಸೋಕೆ ಜಾಗ ಬಿಡೋದು ಒಳ್ಳೇ ಉಪಾಯ, ಒಪ್ತೀನಿ, ಆದ್ರೆ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಅಂತ ನೋಡಿದ ತಕ್ಷಣ ಒಂದು ಲಕ್ಷ ತೊಂಬತ್ತೊಂದು ಸಾವಿರ ಅಂತ ಬಾಯಿಗೆ ಬರುತ್ತೆ, ಮೂರು ಮೂರು ಮಾಡಿದ್ರೆ ಲಕ್ಷ ಎಲ್ಲಿ ಅಂತ ಬೆರಳಿಟ್ಟು ಎಣಿಸ್ಬೇಕು.

ಸರಿ, ಸ್ಪೇಸ್ ಬಿಟ್ವಿ, ಆಮೇಲೆ ಸಾಲಿನ ತುದೀಲಿ 5 ಉಳ್ಕೊಂಡು ಕೆಜಿ ಕೆಳಗಿನ ಸಾಲಿಗೆ ಹಾರಿದ್ರೆ? ಅದಕ್ಕೇ ಸಾಲು ಒಡೆಯದ ಸ್ಪೇಸ್ ಅಂತ ಒಂದಿದೆ. ವರ್ಡಲ್ಲೂ ಲಿಬ್ರೆಆಫೀಸಲ್ಲೂ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡ್ಕೊಂಡು ಸ್ಪೇಸ್ ಒತ್ತಿ, ಮ್ಯಾಕಲ್ಲಿ ಆಪ್ಷನ್ ಹಿಡ್ಕೊಂಡು ಸ್ಪೇಸ್, ವಿಂಡೋಸಲ್ಲಿ ಆಲ್ಟ್ ಹಿಡ್ಕೊಂಡು ನಂಬರ್ ಪ್ಯಾಡಲ್ಲಿ 0160. ಕಣ್ಣಿಗೆ ಮಾಮೂಲಿ ಸ್ಪೇಸ್ ಥರಾನೇ, ಆದ್ರೆ ಅಂಕಿನೂ ಅಳತೆನೂ ಬೇರೆಯಾಗಲ್ಲ. ಕನ್ನಡದೋರಿಗೆ ಕಾಣದ ಅಕ್ಷರ ಹೊಸದೇನಲ್ಲ, ಮೀಟರ್‌ಗೆ ಅಂತ ಬರೆಯುವಾಗ ರ್ ಆದ್ಮೇಲೆ ಒಂದು ಕಾಣದ ತಡೆ ಹಾಕ್ತೀವಲ್ಲ, ಅದು ಇಲ್ದಿದ್ರೆ ಮೀಟರ್ಗೆ ಅಂತ ಅರ್ಕಾವೊತ್ತು ಮೂಡುತ್ತೆ. ಇನ್ನೊಂದು ಕಾಣದ ತಪ್ಪು ಕನ್ನಡದ ಸೊನ್ನೆ. ೦ ಮತ್ತೆ ಅನುಸ್ವಾರ ನೋಡೋಕೆ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಗ್ರಾಂ ಅನ್ನೋದರ ಕೊನೇಲಿ ಅನುಸ್ವಾರದ ಬದ್ಲು ಸೊನ್ನೆ ಒತ್ತಿದ್ರೆ ಗ್ರಾ೦ ಆಗುತ್ತೆ, ಕಣ್ಣಿಗೆ ಸರಿ ಇರುತ್ತೆ, ಫೈಂಡ್ ಕೊಟ್ಟು ಗ್ರಾಂ ಹುಡುಕಿದ್ರೆ ಸಿಗಲ್ಲ.

ಪ್ಯಾಕೆಟ್ಟಿನ ಮೇಲೆ ಬರೆಯೋದಕ್ಕೆ ಮಾತ್ರ ಕಾನೂನೇ ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಜಾರಿಗೆ ಬಂದಿದ್ದು 2011ರ ಏಪ್ರಿಲ್ 1ಕ್ಕೆ, ಅದರ ಜೊತೆ ಪೊಟ್ಟಣ ಸಾಮಾನುಗಳ ನಿಯಮಗಳೂ ಬಂದ್ವು, ನಿವ್ವಳ ಪ್ರಮಾಣ ಎಸ್‌ಐ ಅಳತೆಯಲ್ಲೇ ಇರಬೇಕು. ಎಣಿಸಿ ಮಾರೋ ಸಾಮಾನಿಗೆ ಇಂಗ್ಲಿಷ್ ದೊಡ್ಡ ಎನ್ ಹಾಕ್ತಾರೆ, ಪೊರಕೆ ಪ್ಯಾಕಿನ ಮೇಲೆ ಒಂದು ಎನ್ ಅಂತ ಇರೋದು ಅದಕ್ಕೇ. ಎಸ್‌ಐನಲ್ಲಿ ಅದೇ ದೊಡ್ಡ ಎನ್ ಅಂದ್ರೆ ನ್ಯೂಟನ್, ಒಂದು ನ್ಯೂಟನ್ ಅಂದ್ರೆ ಭೂಮಿ ಮೇಲೆ ಸುಮಾರು 102 ಗ್ರಾಂ ಸಾಮಾನಿನ ಭಾರ. ಫಿಸಿಕ್ಸ್ ಓದೋ ಮಕ್ಕಳಿದ್ರೆ ತೋರ್ಸಿ, ನಗ್ತಾರೆ.

ನಂಗೆ ಇನ್ನೂ ಬಗೆಹರಿಯದೇ ಇರೋದು ಪ್ರತ್ಯಯದ ಗಂಟು. ಕೆಜಿ ಅನ್ನೋದನ್ನ ನಾವು ಬಾಯಲ್ಲೂ ಕೇಜಿ ಅಂತೀವಿ, ಹಾಗಾಗಿ 5 ಕೆಜಿಗೆ, 5 ಕೆಜಿಯಷ್ಟು ಆರಾಮಾಗಿ ಬರುತ್ತೆ, ಚುಕ್ಕಿ ಬಿಟ್ರೆ ಯಾರಿಗೂ ನಷ್ಟ ಇಲ್ಲ. ಕಿಮೀ ಹಾಗಲ್ಲ, ಬರೆಯೋದು ಕಿಮೀ, ಓದೋದು ಕಿಲೋಮೀಟರ್. 12 ಕಿ.ಮೀ.ಗೆ ಅಂತ ಬರೆದ್ರೆ ಚುಕ್ಕಿ ಆದ್ಮೇಲೆ ಗೆ ಒಂದೇ ಅನಾಥವಾಗಿ ನಿಲ್ಲುತ್ತೆ, 12 ಕಿಮೀಗೆ ಅಂದ್ರೆ ಓದೋರು ಒಂದು ಕ್ಷಣ ತಡವರಿಸ್ತಾರೆ, ಕಿ.ಮೀ.ನಷ್ಟು, ಕಿ.ಮೀ.ರಷ್ಟು, ಕಿ.ಮೀ.ಗಳಷ್ಟು ಅಂತ ಒಬ್ಬೊಬ್ಬರದು ಒಂದೊಂದು. ಲೀ.ಗೆ ಅನ್ನೋದಂತೂ ಓದೋಕೇ ಬರಲ್ಲ. ಸದ್ಯಕ್ಕೆ ನಾನು ಮಾಡ್ತಿರೋದು, ಟೇಬಲ್ ಇದ್ರೆ ಕಾಲಮ್ಮಿನ ತಲೇಲಿ ಒಂದೇ ಸಲ ಕಿಮೀ ಅಂತ ಹಾಕಿ ಕೆಳಗೆ ಬರೀ ಅಂಕಿ, ವಾಕ್ಯದ ಮಧ್ಯ ಪ್ರತ್ಯಯ ಬಂದ್ರೆ ಕಿಲೋಮೀಟರ್‌ಗೆ, ಲೀಟರ್‌ಗೆ ಅಂತ ಪೂರ್ತಿ. ಹೆಡ್ಡಿಂಗಲ್ಲಿ ಜಾಗ ಸಾಲದೇ ಇದ್ದಾಗ ಮಾತ್ರ ಕಿಮೀಗೆ ಅಂತ ಬಿಡ್ತೀನಿ, ಅದೂ ಚುಕ್ಕಿ ಇಲ್ದೆ.